ಹುಬ್ಬಳ್ಳಿ ಗಿರಣಿ, ಅರಸೀಕೆರೆ ರೈಲು ಮತ್ತು ಪ್ಲೇಗ್ ಸೂಜಿ: ವಾಲ್ಡೆಮಾರ್ ಹಾಫ್‌ಕಿನ್ ಯಾರು?

ಹಳೇಬೀಡು, ಬೇಲೂರು ನೋಡಲು ರೈಲಿನಲ್ಲಿ ಬರುವವರು ಅರಸೀಕೆರೆಯಲ್ಲೋ ಪಕ್ಕದ ಬಾಣಾವರದಲ್ಲೋ ಇಳಿದು ಬಸ್ ಹಿಡಿಯುವುದು ವಾಡಿಕೆ. ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಹೋಗುವ ರೈಲುಗಳು ಅರಸೀಕೆರೆ ದಾಟಿಯೇ ಹೋಗುತ್ತವೆ. 1898ರಲ್ಲಿಯೂ ಇದೇ ದಾರಿ. ಆ ವರ್ಷದ ಆಗಸ್ಟ್‌ನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದವರಲ್ಲಿ ಒಬ್ಬ ರೈಲ್ವೆ ಅಧಿಕಾರಿಯ ಮನೆಯ ಆಳು ಇದ್ದ. ಬೆಂಗಳೂರಿನ ಮೊದಲ ಪ್ಲೇಗ್ ರೋಗಿ ಆತನೇ ಎಂದು ದಾಖಲೆಗಳಲ್ಲಿದೆ.

ಆತ ಮಾಡಿದ ತಪ್ಪೇನೂ ಇಲ್ಲ. ಸಾಹೇಬರು ಎಲ್ಲಿಗೆ ಹೋದರೆ ಆಳೂ ಅಲ್ಲಿಗೆ ಹೋಗಬೇಕು. ಸಾಂಕ್ರಾಮಿಕ ಬಂದಾಗಲೆಲ್ಲ ದುಡಿಯುವವರ ಪಾಡು ಇದೇ. ಮನೆಯಲ್ಲಿ ಕೂತರೆ ಕೂಲಿ ಇಲ್ಲ, ಕೆಲಸಕ್ಕೆ ಹೋದರೆ ಕಾಯಿಲೆಯ ಭಯ.

ಅದೇ 1898ರಲ್ಲಿ ಹುಬ್ಬಳ್ಳಿಯ ಗಿರಣಿ ಮತ್ತು ರೈಲ್ವೆ ಕೆಲಸಗಾರರನ್ನು ಉಳಿಸಲು ಒಂದು ದೊಡ್ಡ ಪ್ರಯತ್ನ ನಡೆಯಿತು. ಅಲ್ಲಿ ಬಳಸಿದ ಲಸಿಕೆಯನ್ನು ಕಂಡುಹಿಡಿದವರ ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಇವತ್ತು ವಾಟ್ಸ್ಆ್ಯಪ್‌ನಲ್ಲಿ ಅವರ ಬಗ್ಗೆ ಎರಡು ಬಗೆಯ ಮಾತು ಓಡಾಡಬಹುದು. ಒಂದು, ಅವರು ದೇವರಂಥ ಮನುಷ್ಯ, ಅವರ ಸೂಜಿ ಚುಚ್ಚಿಸಿಕೊಂಡವರಿಗೆ ಏನೂ ಆಗಲಿಲ್ಲ ಎಂಬುದು. ಇನ್ನೊಂದು, ಅವರ ಲಸಿಕೆಯಿಂದ 19 ಜನ ಸತ್ತರು, ಅದನ್ನು ಮುಚ್ಚಿಟ್ಟರು ಎಂಬುದು. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಎರಡೂ ಪೂರ್ತಿ ಸತ್ಯವಲ್ಲ. ಬನ್ನಿ, ನಿಜವಾಗಿ ನಡೆದದ್ದೇನು ಎಂದು ನೋಡೋಣ.

ಒಡೆಸ್ಸಾದ ಹುಡುಗ, ಪ್ಯಾರಿಸ್‌ನ ಲೈಬ್ರರಿ

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ. ಈಗ ಅದು ಉಕ್ರೇನ್ ದೇಶದಲ್ಲಿದೆ, ಆಗ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಅವರದು ಯಹೂದಿ ಕುಟುಂಬ. ಆ ಕಾಲದ ರಷ್ಯಾದಲ್ಲಿ ಯಹೂದಿಗಳ ಮನೆಗಳ ಮೇಲೆ ಗುಂಪು ದಾಳಿಗಳು ನಡೆಯುತ್ತಿದ್ದವು. ವಿದ್ಯಾರ್ಥಿಯಾಗಿದ್ದ ಹಾಫ್‌ಕಿನ್ ತಮ್ಮವರ ರಕ್ಷಣೆಗೆ ನಿಂತರು, ಸರ್ಕಾರದ ವಿರುದ್ಧದ ಚಳವಳಿಯಲ್ಲೂ ಸೇರಿದರು, ಜೈಲನ್ನೂ ಕಂಡರು.

ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಅವರ ಗುರು ಇಲ್ಯಾ ಮೆಚ್ನಿಕಾಫ್. ನಮ್ಮ ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ನುಂಗಿಹಾಕುತ್ತವೆ ಎಂದು ತೋರಿಸಿಕೊಟ್ಟ, ಮುಂದೆ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಇವರೇ. ಶಿಷ್ಯ ಚುರುಕಾಗಿದ್ದರೂ ಯಹೂದಿಯಾದ ಕಾರಣ ಅಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗುವಂತಿರಲಿಲ್ಲ. ಮತ ಬದಲಿಸಿದರೆ ದಾರಿ ತೆರೆಯುತ್ತಿತ್ತು. ಹಾಫ್‌ಕಿನ್ ಬದಲಿಸಲಿಲ್ಲ. 1888ರಲ್ಲಿ ದೇಶ ಬಿಟ್ಟು ಸ್ವಿಟ್ಜರ್ಲೆಂಡ್‌ಗೆ ಹೋದರು, ಮರುವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದರು. ಅಲ್ಲಿ ಮೊದಲು ಸಿಕ್ಕಿದ್ದು ಲೈಬ್ರರಿಯ ಕೆಲಸ. ಪುಸ್ತಕ ಜೋಡಿಸುತ್ತಾ, ಬಿಡುವಿನಲ್ಲಿ ಪ್ರಯೋಗ ಮಾಡುತ್ತಾ ಅವರು ಕಾಲರಾ ಲಸಿಕೆಯ ಬೆನ್ನು ಹತ್ತಿದರು.

1892ರ ಜುಲೈ 18ರಂದು ಆ ಲಸಿಕೆಯನ್ನು ಮೊದಲು ಚುಚ್ಚಿಕೊಂಡದ್ದು ತಮಗೇ. ಜ್ವರ ಬಂತು, ಚುಚ್ಚಿದ ಜಾಗ ನೋಯಿತು, ಕೆಲವು ದಿನಗಳಲ್ಲಿ ಸರಿಹೋಯಿತು. ಆದರೆ ಒಬ್ಬ ಆರೋಗ್ಯವಂತ ವಿಜ್ಞಾನಿ ಬದುಕಿ ಉಳಿದರೆ ಲಸಿಕೆ ಕೆಲಸ ಮಾಡುತ್ತದೆ ಎಂದು ಸಾಬೀತಾಗುವುದಿಲ್ಲ. ಕಾಲರಾ ನಿಜವಾಗಿ ಹರಡುವ ಜಾಗದಲ್ಲಿ, ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಭಾರತದಲ್ಲಿ ವೈಸರಾಯ್ ಆಗಿದ್ದು ಆಗ ಪ್ಯಾರಿಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ಬೆಂಬಲದಿಂದ ಹಾಫ್‌ಕಿನ್ 1893ರ ಮಾರ್ಚ್‌ನಲ್ಲಿ ಕಲ್ಕತ್ತಾಕ್ಕೆ ಬಂದಿಳಿದರು.

ಟೀ ತೋಟದ ಕೂಲಿಗಳ ನಡುವೆ

ಕಲ್ಕತ್ತಾದಲ್ಲಿ ಯಾರೂ ಹೂವಿನ ಹಾರ ಹಿಡಿದು ಕಾಯುತ್ತಿರಲಿಲ್ಲ. ಪರದೇಶಿ, ಕೈಯಲ್ಲಿ ಸೂಜಿ, ಜೊತೆಗೆ ಸರ್ಕಾರದ ಪತ್ರ. ಜನ ಹೆದರಿದರು. ಒಂದು ಬಸ್ತಿಯಲ್ಲಿ ಕಲ್ಲು ತೂರಿದಾಗ ಅವರು ಅಲ್ಲಿಯೇ, ಎಲ್ಲರೆದುರು, ತಮಗೇ ಸೂಜಿ ಚುಚ್ಚಿಸಿಕೊಂಡರೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಚೌಧರಿ, ಘೋಷ್, ಚಟರ್ಜಿ, ದತ್ತ ಎಂಬ ಬಂಗಾಳಿ ವೈದ್ಯರು ಅವರ ಜೊತೆ ನಿಂತರು. ಜನರ ಭಾಷೆ ಬಲ್ಲ, ಅದೇ ಊರಿನ ವೈದ್ಯರು ಬಂದ ಮೇಲೆ ಕೆಲಸ ಸಲೀಸಾಯಿತು. ಎರಡು ವರ್ಷಗಳಲ್ಲಿ ಉತ್ತರ ಭಾರತದಲ್ಲಿ ಸುಮಾರು 42,000 ಜನ ಈ ಲಸಿಕೆ ಹಾಕಿಸಿಕೊಂಡರು. ಈ ಓಡಾಟದಲ್ಲಿ ಹಾಫ್‌ಕಿನ್ ಮಲೇರಿಯಾದಿಂದ ನರಳಿ ಕೆಲಕಾಲ ಇಂಗ್ಲೆಂಡಿಗೆ ಹೋಗಬೇಕಾಯಿತು.

ವಾಪಸ್ ಬಂದ ಮೇಲೆ ಅವರು ಹೆಚ್ಚು ಕೆಲಸ ಮಾಡಿದ್ದು ಅಸ್ಸಾಮಿನ ಟೀ ತೋಟಗಳಲ್ಲಿ. ಅಲ್ಲಿಗೇ ಏಕೆ? ದೂರದ ಊರುಗಳಿಂದ ಕೂಲಿಗಳನ್ನು ರೈಲು, ದೋಣಿಗಳಲ್ಲಿ ತುಂಬಿ ತೋಟಗಳಿಗೆ ಒಯ್ಯುತ್ತಿದ್ದರು. ದಾರಿಯಲ್ಲಿ ಒಂದೇ ಡಿಪೋದಲ್ಲಿ ನೂರಾರು ಜನ, ಒಂದೇ ನೀರು. ತೋಟದಲ್ಲಿ ಸಾಲು ಮನೆ, ಅಲ್ಲಿಯೂ ಒಂದೇ ನೀರು. ಕಾಲರಾಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಲೈನ್ ಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿರ ಹತ್ತಿರ ಬದುಕುವ, ಬಿಟ್ಟು ಹೋಗಲಾಗದ ದುಡಿಮೆಗಾರರಲ್ಲಿ ಸೋಂಕು ಬೇಗ ಹಬ್ಬುತ್ತದೆ.

ಬೊಂಬಾಯಿಯ ಒಂದು ಕೋಣೆ, ತೆಂಗಿನ ಎಣ್ಣೆಯ ಹನಿ

1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಓಡಿದರು, ಬಟ್ಟೆ ಗಿರಣಿಗಳಿಗೆ ಆಳು ಸಿಗುವುದೇ ಕಷ್ಟವಾಯಿತು. ಸರ್ಕಾರ ಹಾಫ್‌ಕಿನ್ ಅವರನ್ನು ಕರೆಸಿತು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಕೊಟ್ಟಿದ್ದು ಒಂದು ಕೋಣೆ, ಒಂದು ಓಣಿ, ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟರಲ್ಲೇ ಮೂರು ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು.

ಅದನ್ನು ತಯಾರಿಸಿದ ಬಗೆ ಸರಳವಾಗಿ ಹೀಗಿತ್ತು. ಮಾಂಸದ ಸಾರಿನಂಥ ದ್ರವದಲ್ಲಿ ಪ್ಲೇಗ್ ಬ್ಯಾಕ್ಟೀರಿಯಾ ಬೆಳೆಸಬೇಕು. ದ್ರವದ ಮೇಲೆ ತುಪ್ಪದ ಅಥವಾ ತೆಂಗಿನ ಎಣ್ಣೆಯ ಹನಿಗಳನ್ನು ತೇಲಿಬಿಡುತ್ತಿದ್ದರು. ಆ ಹನಿಗಳಿಗೆ ಅಂಟಿಕೊಂಡು ಬ್ಯಾಕ್ಟೀರಿಯಾ ಕೆಳಮುಖವಾಗಿ, ಚಾವಣಿಯಿಂದ ಇಳಿಬಿಟ್ಟ ಬಿಳಲಿನಂತೆ ಬೆಳೆಯುತ್ತಿತ್ತು. ಕೊಬ್ಬರಿ ಮಂಡಿಯ ಅರಸೀಕೆರೆಯವರಿಗೆ ಈ ವಿವರ ಹಿಡಿಸಬಹುದು! ಕೆಲವು ವಾರ ಬೆಳೆದ ಮೇಲೆ ಅದನ್ನು ಸುಮಾರು 65ರಿಂದ 70 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸುತ್ತಿದ್ದರು. ಸತ್ತ ರೋಗಾಣು ಕಾಯಿಲೆ ತರಲಾರದು. ಆದರೆ ದೇಹ ಅದರ ಗುರುತು ಹಿಡಿದಿಟ್ಟುಕೊಂಡು, ಮುಂದೆ ಜೀವಂತ ರೋಗಾಣು ಬಂದಾಗ ಬೇಗ ಎದುರಿಸುತ್ತದೆ.

ಆಗಲೂ ವದಂತಿಗೆ ಬರವಿರಲಿಲ್ಲ. ಸೂಜಿಯಲ್ಲಿ ದನದ ಮಾಂಸವಿದೆ, ಹಂದಿ ಮಾಂಸವಿದೆ, ಜಾತಿ ಕೆಡಿಸುತ್ತಾರೆ ಎಂಬ ಮಾತು ಬೊಂಬಾಯಿ ತುಂಬಾ ಹರಡಿತು. ಹಾಫ್‌ಕಿನ್ ಇದನ್ನು ಮೂರ್ಖತನ ಎಂದು ತಳ್ಳಿಹಾಕಲಿಲ್ಲ. ದನ, ಹಂದಿ ಎರಡನ್ನೂ ಬಿಟ್ಟು ಮೇಕೆ ಮಾಂಸದಿಂದ ಸಾರು ತಯಾರಿಸಿದರು.

1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ಅವರಿಗೇ. ಈ ಸಲ 10 ಮಿಲಿಲೀಟರ್, ಮುಂದೆ ಜನರಿಗೆ ಕೊಟ್ಟದ್ದಕ್ಕಿಂತ ಬಹಳ ಹೆಚ್ಚಿನ ಪ್ರಮಾಣ. ಜೋರು ಜ್ವರ ಬಂದು ಇಳಿಯಿತು. ಅದೇ ತಿಂಗಳ ಕೊನೆಗೆ ಬೈಕುಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿದರು. ಒಂದೇ ಗೋಡೆಯೊಳಗೆ, ಒಂದೇ ಊಟ ಉಣ್ಣುವ ಎರಡು ಗುಂಪು. ಲಸಿಕೆ ಪಡೆದವರಲ್ಲಿ ಕಾಯಿಲೆ ಬಹಳ ಕಡಿಮೆ ಬಂತು. ಒಂದು ಮಾತು ಇಲ್ಲಿ ಹೇಳಲೇಬೇಕು. ಜೈಲಿನಲ್ಲಿರುವವನ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಯನ್ನು ಇಂದಿನ ವೈದ್ಯಕೀಯ ನಿಯಮಗಳು ಗಟ್ಟಿಯಾಗಿ ಕೇಳುತ್ತವೆ. ಇವತ್ತು ಇಂಥ ಪ್ರಯೋಗ ಅಷ್ಟು ಸುಲಭವಾಗಿ ಮಾಡಲಾಗದು, ಮಾಡಲೂಬಾರದು.

ಹುಬ್ಬಳ್ಳಿ: ಹಾಜರಿ ಪುಸ್ತಕ ಹೇಳಿದ ಸತ್ಯ

ಈಗ ನಮ್ಮ ನಾಡಿಗೆ ಬರೋಣ. ಹುಬ್ಬಳ್ಳಿ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಸದರ್ನ್ ಮರಾಠಾ ರೈಲ್ವೆಯ ದೊಡ್ಡ ಕಾರ್ಖಾನೆ, ಹತ್ತಿ ನೂಲುವ ಗಿರಣಿ, ಸುಮಾರು 50,000 ಜನ. ಹತ್ತಿ ಮೂಟೆ, ಕಾಳಿನ ಗೋದಾಮು ಇದ್ದಲ್ಲಿ ಇಲಿ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಮನುಷ್ಯನಿಗೆ ದಾಟುತ್ತದೆ ಎಂದು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಅದೇ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡರು. ಆದರೆ ಆಗ ನಂಬಿದವರು ಕಡಿಮೆ. ನಮ್ಮ ಹಳ್ಳಿಯವರಿಗೆ ಮಾತ್ರ ಇಲಿ ಬಿತ್ತು ಎಂದರೆ ಊರು ಬಿಡುವ ಸಮಯ ಬಂತು ಎಂದೇ ಅರ್ಥ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಚಿಗಟದ ಕಥೆ ಗೊತ್ತಿಲ್ಲದಿದ್ದರೂ ಅವರು ಮಾಡಿದ್ದು ಸರಿಯಾಗಿಯೇ ಇತ್ತು.

ಹುಬ್ಬಳ್ಳಿಯಲ್ಲಿ 1898ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಲ್ಯೂಮನ್ ಎಂಬ ಸೇನಾ ವೈದ್ಯರು ಲಸಿಕೆ ಕೆಲಸದ ಉಸ್ತುವಾರಿ ವಹಿಸಿದ್ದರು. ಹಾಫ್‌ಕಿನ್ ಲಸಿಕೆಯೇ ಅಲ್ಲಿ ಬಳಕೆಯಾಯಿತು. ಊರಿನ ಹೆಚ್ಚುಕಡಿಮೆ ಎಲ್ಲರೂ ಹಾಕಿಸಿಕೊಂಡರು. ಒಟ್ಟು ಸುಮಾರು 78,000 ಸೂಜಿ. 50,000 ಜನರಿಗೆ 78,000 ಹೇಗೆ ಎಂದು ಕೇಳಬೇಡಿ, ಎರಡೆರಡು ಸಲ ಹಾಕಿಸಿಕೊಂಡವರು ಬಹಳ. ನಮ್ಮ ಎರಡು ಡೋಸ್‌ನಂತೆಯೇ!

ಇದರಲ್ಲಿ ಗಿರಣಿ ಮತ್ತು ರೈಲ್ವೆ ಕೆಲಸಗಾರರ ಲೆಕ್ಕಕ್ಕೆ ವಿಶೇಷ ಬೆಲೆ ಇತ್ತು. ಊರಿನಲ್ಲಿ ಯಾರು ಬಂದರು, ಯಾರು ಹೋದರು, ಯಾರು ಸತ್ತರು ಎಂದು ಖಚಿತವಾಗಿ ಹೇಳುವುದು ಕಷ್ಟ. ಗಿರಣಿಯಲ್ಲಿ ಹಾಜರಿ ಪುಸ್ತಕ ಇರುತ್ತದೆ. ಯಾರಿಗೆ ಎರಡು ಸೂಜಿ, ಯಾರಿಗೆ ಒಂದು, ಯಾರಿಗೆ ಒಂದೂ ಇಲ್ಲ ಎಂದು ಬರೆದಿಟ್ಟುಕೊಂಡು, ತಿಂಗಳುಗಳ ನಂತರ ಹೆಸರು ಹೆಸರಾಗಿ ನೋಡಬಹುದು. ನೋಡಿದಾಗ ಕಂಡದ್ದು: ಲಸಿಕೆ ಹಾಕಿಸಿಕೊಳ್ಳದವರಲ್ಲಿ ಸಾವಿನ ಪ್ರಮಾಣ ಬಹಳ ಹೆಚ್ಚು, ಹಾಕಿಸಿಕೊಂಡವರಲ್ಲಿ ಬಹಳ ಕಡಿಮೆ. ಕಡಿಮೆ ಎಂದೆವು, ಸೊನ್ನೆ ಎನ್ನಲಿಲ್ಲ. ಲಸಿಕೆ ಹಾಕಿಸಿಕೊಂಡೂ ಸತ್ತವರಿದ್ದರು. ಹಾಫ್‌ಕಿನ್ ಮತ್ತು ಅವರ ಜೊತೆಯವರು ಅದನ್ನು ಮುಚ್ಚಿಡದೆ ಪಟ್ಟಿಯಲ್ಲೇ ಬರೆದರು.

ಸರ್ಕಾರ ನೇಮಿಸಿದ ಭಾರತೀಯ ಪ್ಲೇಗ್ ಆಯೋಗ ಈ ಲೆಕ್ಕಗಳನ್ನೆಲ್ಲ ಜರಡಿ ಹಿಡಿಯಿತು. ಆಯೋಗ ಹಾಫ್‌ಕಿನ್ ಅವರನ್ನು ಹೊಗಳಿ ಅಟ್ಟಕ್ಕೇರಿಸಲಿಲ್ಲ, ಕೆಲವು ಲೆಕ್ಕಗಳು ಬಿಗಿಯಾಗಿಲ್ಲ ಎಂದಿತು. ಕೊನೆಗೆ ಬಂದ ತೀರ್ಮಾನ, ಲಸಿಕೆ ಪ್ಲೇಗನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಕಾಯಿಲೆ ಬರುವುದನ್ನೂ ಸಾಯುವುದನ್ನೂ ಗಣನೀಯವಾಗಿ ಕಡಿಮೆ ಮಾಡುತ್ತದೆ ಎಂಬುದು. ವಿಜ್ಞಾನ ಸಾಮಾನ್ಯವಾಗಿ ಹೀಗೇ ಮಾತಾಡುತ್ತದೆ. ನೂರಕ್ಕೆ ನೂರು ಎಂದು ಗಂಟಲು ಹರಿದುಕೊಳ್ಳುವುದು ಫಾರ್ವರ್ಡ್ ಸಂದೇಶಗಳು.

ಅರಸೀಕೆರೆ ದಾಟಿದ ಕಾಯಿಲೆ

ಹುಬ್ಬಳ್ಳಿಯಲ್ಲಿ ಲಸಿಕೆ ನಡೆಯುತ್ತಿದ್ದಾಗಲೇ ಕಾಯಿಲೆ ರೈಲು ಹತ್ತಿ ಬೆಂಗಳೂರು ಮುಟ್ಟಿತ್ತು. ಮೈಸೂರು ಸಂಸ್ಥಾನ ವಿ. ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಮಾಡಿತು. ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಬೇರೆ ಇಡುವುದು, ಊರ ಹೊರಗಿನ ಶಿಬಿರ, ಮನೆ ಶುದ್ಧಿ, ಎಲ್ಲವೂ ನಡೆದವು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಪ್ಲೇಗಿನ ನಂತರವೇ. ಗಾಳಿ ಬೆಳಕು ಬರುವ ಅಗಲ ರಸ್ತೆ, ನಡುವೆ ಜಾಗ ಬಿಟ್ಟ ಮನೆ, ಇವೂ ಒಂದು ಬಗೆಯ ಔಷಧ ಎಂದು ಆಗ ಅರ್ಥವಾಗಿತ್ತು.

ಬಲವಂತ ಹೆಚ್ಚಾದಲ್ಲಿ ಜನ ತಿರುಗಿಬಿದ್ದರು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ಶೋಧಿಸಿದ್ದರ ಸಿಟ್ಟು 1897ರಲ್ಲಿ ಅಧಿಕಾರಿ ರ‍್ಯಾಂಡ್ ಅವರ ಕೊಲೆಯಲ್ಲಿ ಮುಗಿಯಿತು. ನಮ್ಮಲ್ಲೂ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯಾಯಿತು. ಅರಸೀಕೆರೆ, ತಿಪಟೂರು, ಚನ್ನರಾಯಪಟ್ಟಣದ ಸೀಮೆಗೆ ಪ್ಲೇಗ್ ಮತ್ತೆ ಮತ್ತೆ ಬಂದು ಹಲವು ದಶಕ ಕಾಡಿತು. ಎಸ್. ಎಲ್. ಭೈರಪ್ಪನವರ ಗೃಹಭಂಗ ಕಾದಂಬರಿ ಓದಿದವರಿಗೆ ಆ ದಿನಗಳು ಒಂದು ಸಂಸಾರವನ್ನು ಏನು ಮಾಡಿದವು ಎಂದು ಗೊತ್ತು.

ಮುಲ್ಕೋವಾಲ್: ಒಂದು ಬಾಟಲಿ, 19 ಸಾವು

ಈಗ ಆ 19 ಸಾವಿನ ವಿಷಯ. ಇದು ಸುಳ್ಳಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗ್ ಲಸಿಕೆ ಹಾಕಿದರು. ಅವರಲ್ಲಿ 19 ಜನರಿಗೆ ಕೆಲವು ದಿನಗಳಲ್ಲಿ ಧನುರ್ವಾಯು ಬಂತು. ಎಲ್ಲರೂ ಸತ್ತರು. ಸೂಜಿಯನ್ನು ನಂಬಿ ಕೈ ಚಾಚಿದ 19 ಜನ ಹಳ್ಳಿಗರು. ಈ ನೋವನ್ನು ಯಾವ ವಿವರಣೆಯೂ ಚಿಕ್ಕದು ಮಾಡಬಾರದು.

ತಪ್ಪು ಎಲ್ಲಾಯಿತು? ತನಿಖೆ ನಡೆಸಿದವರು ಮೊದಲು ಬೊಂಬಾಯಿ ಪ್ರಯೋಗಾಲಯದ ಕಡೆಗೆ ಬೆರಳು ತೋರಿದರು. ಹಾಫ್‌ಕಿನ್ ಆ ಹೊತ್ತಿಗೆ ಕಾರ್ಬಾಲಿಕ್ ಆಮ್ಲ ಬಿಟ್ಟು ಶಾಖದಿಂದಲೇ ಶುದ್ಧಿ ಮಾಡುವ ಕ್ರಮ ತಂದಿದ್ದರು. ಅದರಿಂದಲೇ ಹೀಗಾಯಿತು ಎಂಬ ಶಂಕೆ ಹುಟ್ಟಿತು. ಅವರನ್ನು ಹುದ್ದೆಯಿಂದ ದೂರ ಇಟ್ಟರು, ಅವರು ಇಂಗ್ಲೆಂಡಿಗೆ ಮರಳಿದರು.

ಆದರೆ ವಿವರಗಳು ಬೇರೆ ಹೇಳುತ್ತಿದ್ದವು. ಸತ್ತ 19 ಜನರಿಗೂ ಸೂಜಿ ಹಾಕಿದ್ದು ಒಂದೇ ಬಾಟಲಿಯಿಂದ, ಅದರ ಗುರುತು 53ಎನ್. ಅದೇ ದಿನ ಬೇರೆ ಬಾಟಲಿಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಬೊಂಬಾಯಿಯಲ್ಲಿ ಒಂದೇ ಪಾತ್ರೆಯಿಂದ ತುಂಬಿದ ಬೇರೆ ಬಾಟಲಿಗಳು ಬೇರೆ ಕಡೆ ಬಳಕೆಯಾಗಿದ್ದವು, ಅಲ್ಲೂ ತೊಂದರೆಯಾಗಲಿಲ್ಲ. ಧನುರ್ವಾಯುವಿನ ರೋಗಾಣು ವಾರಗಟ್ಟಲೆ ಬಾಟಲಿಯೊಳಗೇ ಬೆಳೆದಿದ್ದರೆ ಕೆಟ್ಟ ವಾಸನೆ ಇರಬೇಕಿತ್ತು. ಜೊತೆಗೆ, ಆ ದಿನ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಬಳಸಿದ್ದ ಎಂಬುದು ಹೊರಬಂತು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ.

ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂದು ತೋರಿಸಿದ ರೊನಾಲ್ಡ್ ರಾಸ್ ಸೇರಿದಂತೆ ಹತ್ತು ವಿಜ್ಞಾನಿಗಳು 1907ರ ಜುಲೈನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಹಾಫ್‌ಕಿನ್ ಪರ ನಿಂತರು. ಅದೇ ವರ್ಷ ಅವರ ಮೇಲಿನ ಆರೋಪ ಹೋಯಿತು. ಆದರೆ ಕಟ್ಟಿ ಬೆಳೆಸಿದ್ದ ಪರೇಲ್ ಪ್ರಯೋಗಾಲಯದಲ್ಲಿ ಅವರಿಗೆ ಜಾಗ ಉಳಿದಿರಲಿಲ್ಲ. ಕಲ್ಕತ್ತಾದಲ್ಲಿ ಒಂದು ಸಣ್ಣ ಹುದ್ದೆ ಸಿಕ್ಕಿತು, ನಿವೃತ್ತಿಯವರೆಗೆ ಅಲ್ಲೇ ಇದ್ದರು. ಜನರ ಮೇಲೆ ಹೊಸ ಪ್ರಯೋಗ ನಡೆಸುವ ಅವಕಾಶ ಮತ್ತೆ ಸಿಗಲಿಲ್ಲ. ನಂತರ ಯೂರೋಪಿಗೆ ಮರಳಿ, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ತೀರಿಕೊಂಡರು. ಪರೇಲ್‌ನ ಆ ಸಂಸ್ಥೆಗೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟಿದ್ದರು. ಅದು ಮುಂಬಯಿಯಲ್ಲಿ ಈಗಲೂ ಇದೆ. 1964ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಹಾಗಾದರೆ ಫಾರ್ವರ್ಡ್‌ನಲ್ಲಿ ಏನು ತಪ್ಪು? 19 ಸಾವು ನಿಜ. ಮುಚ್ಚಿಟ್ಟರು ಎಂಬುದು ಸುಳ್ಳು. ಅದರ ಮೇಲೆ ವರ್ಷಗಟ್ಟಲೆ ತನಿಖೆ ನಡೆಯಿತು, ಪತ್ರಿಕೆಯಲ್ಲಿ ವಾದ ನಡೆಯಿತು, ಒಬ್ಬ ವಿಜ್ಞಾನಿಯ ಬಾಳು ಅರ್ಧಕ್ಕೆ ನಿಂತಿತು. ಲಸಿಕೆಯೊಳಗೇ ವಿಷವಿತ್ತು ಎಂಬುದೂ ನಿಜವಲ್ಲ. ಬಾಟಲಿ ತೆರೆಯುವ ಕೈಯ ಶುಚಿತ್ವ ತಪ್ಪಿತ್ತು. ಇವತ್ತು ಪ್ರತಿಯೊಬ್ಬರಿಗೂ ಹೊಸ ಸಿರಿಂಜ್, ಲಸಿಕೆಯ ಸೀಸೆಗೆ ರಬ್ಬರ್ ಮುಚ್ಚಳ, ಬ್ಯಾಚ್ ಸಂಖ್ಯೆ ಬರೆದಿಡುವ ಕ್ರಮ ಇವೆ. ಮುಲ್ಕೋವಾಲ್‌ನಂಥ ತಪ್ಪು ಮರುಕಳಿಸದಂತೆ ಕಾಯುವುದು ಇಂಥ ಕ್ರಮಗಳೇ.

ಕೋವಿಡ್ ಕಾಲಕ್ಕೂ ಇದಕ್ಕೂ ಏನು ಸಂಬಂಧ?

2020ರ ಮಾರ್ಚ್ ನೆನಪಿಸಿಕೊಳ್ಳಿ. ಬೇಲೂರು, ಹಳೇಬೀಡಿನ ದೇವಾಲಯಗಳ ಬಾಗಿಲು ಪ್ರವಾಸಿಗರಿಗೆ ಮುಚ್ಚಿತು. ಗೈಡ್‌ಗಳು, ಫೋಟೋ ತೆಗೆಯುವವರು, ಎಳನೀರು ಮಾರುವವರು ಖಾಲಿ ಕೂತರು. ಗಾರ್ಮೆಂಟ್ಸ್ ಮುಚ್ಚಿದವು, ದಿನಗೂಲಿಯವರು ಊರಿಗೆ ನಡೆದರು. 1897ರಲ್ಲಿ ಪ್ಲೇಗಿಗಾಗಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ಸರ್ಕಾರಗಳು ಮತ್ತೆ ಕೈಗೆತ್ತಿಕೊಂಡವು. 2021ರ ಏಪ್ರಿಲ್‌ನಲ್ಲಿ ಕೆಲಸದ ಜಾಗದಲ್ಲೇ ಲಸಿಕೆ ಹಾಕಲು ಅವಕಾಶವಾಯಿತು. ಹುಬ್ಬಳ್ಳಿ ಗಿರಣಿಯಲ್ಲಿ 123 ವರ್ಷ ಹಿಂದೆ ನಡೆದದ್ದೂ ಹೆಚ್ಚುಕಡಿಮೆ ಇದೇ.

ಎರಡೂ ಸಲ ಒಂದೇ ತೊಡಕು ಎದುರಾಯಿತು. ಸೂಜಿಯ ನಂತರ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ತಿಂಗಳ ಸಂಬಳದವರಿಗೆ ಅದು ರಜೆ, ದಿನಗೂಲಿಯವರಿಗೆ ಅದು ಕಳೆದುಹೋದ ಕೂಲಿ. ಕಾರ್ಮಿಕರು ಲಸಿಕೆಗೆ ಹಿಂಜರಿದರೆ ಅದು ಯಾವಾಗಲೂ ಅಜ್ಞಾನವಲ್ಲ, ಎಷ್ಟೋ ಸಲ ಸರಿಯಾದ ಲೆಕ್ಕಾಚಾರವೇ. ಆ ದಿನದ ಕೂಲಿ ಕೊಡುತ್ತೇವೆ ಎಂದರೆ ಅರ್ಧ ಹಿಂಜರಿಕೆ ಅಲ್ಲಿಗೇ ಮುಗಿಯುತ್ತದೆ.

ಹಾಫ್‌ಕಿನ್ ಬದುಕಿನಿಂದ ಕಾರ್ಖಾನೆ, ಮಂಡಿ, ತೋಟಗಳಿಗೆ ನಾವು ತೆಗೆದುಕೊಳ್ಳಬಹುದಾದದ್ದು ಇಷ್ಟು:

ಒಂದು, ರೋಗ ಹೇಗೆ ಹರಡುತ್ತದೆ ಎಂದು ಮೊದಲು ತಿಳಿಯಿರಿ. ಕಾಲರಾ ಆದರೆ ನೀರು ನೋಡಿ. ಪ್ಲೇಗ್ ಆದರೆ ಗೋದಾಮಿನ ಇಲಿ, ಚಿಗಟ ನೋಡಿ. ಕೋವಿಡ್, ಫ್ಲೂ ಆದರೆ ಗಾಳಿ ನೋಡಿ. ಗಾಳಿಯಲ್ಲಿ ಹರಡುವ ಕಾಯಿಲೆಗೆ ನೆಲ, ಗೇಟಿಗೆ ಔಷಧಿ ಸಿಂಪಡಿಸಿ ಕಿಟಕಿ ಮುಚ್ಚಿಟ್ಟರೆ ಪ್ರಯೋಜನ ಕಡಿಮೆ. ಕಿಟಕಿ ತೆರೆಯುವುದು, ಎಕ್ಸಾಸ್ಟ್ ಫ್ಯಾನ್, ಮೂಗು ಬಾಯಿ ಸರಿಯಾಗಿ ಮುಚ್ಚುವ ಮಾಸ್ಕ್, ಊಟದ ಹೊತ್ತನ್ನು ಪಾಳಿಯಂತೆ ಹಂಚುವುದು ಹೆಚ್ಚು ಕೆಲಸಕ್ಕೆ ಬರುತ್ತವೆ.

ಎರಡು, ಒಂದೇ ಉಪಾಯವನ್ನು ನಂಬಬೇಡಿ. ಲಸಿಕೆ ಅಪಾಯ ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಗಾಳಿ, ಶುಚಿತ್ವ, ರಜೆ, ಲಸಿಕೆ ನಾಲ್ಕೂ ಸೇರಿದರೆ ಗಟ್ಟಿ.

ಮೂರು, ಕಾಯಿಲೆ ಬಿದ್ದವರು ಮನೆಯಲ್ಲಿ ಉಳಿಯುವಂತೆ ಮಾಡಿ. ಕೂಲಿ ಹೋಗುತ್ತದೆ ಎಂಬ ಭಯವಿದ್ದರೆ ಜ್ವರದಲ್ಲೂ ಕೆಲಸಕ್ಕೆ ಬರುತ್ತಾರೆ, ಹತ್ತು ಜನರಿಗೆ ಹಂಚುತ್ತಾರೆ. ನಿಮಗೆ ಇಎಸ್‌ಐ ಇದ್ದರೆ, ನಿಗದಿತ ದಿನಗಳ ವಂತಿಗೆ ತುಂಬಿದ್ದರೆ, ಕಾಯಿಲೆಯ ರಜೆಗೆ ಸಂಬಳದ ಶೇ. 70ರಷ್ಟು ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ವೈದ್ಯರ ಸರ್ಟಿಫಿಕೇಟ್ ಬೇಕು. ಇದು ಎಷ್ಟೋ ಕೆಲಸಗಾರರಿಗೆ ಗೊತ್ತೇ ಇರುವುದಿಲ್ಲ, ದಯವಿಟ್ಟು ಹೇಳಿ.

ನಾಲ್ಕು, ಲೆಕ್ಕ ಇಡಿ, ಬಚ್ಚಿಡಬೇಡಿ. ಯಾರಿಗೆ ಯಾವಾಗ ಕಾಯಿಲೆ ಬಂತು, ಯಾವ ವಿಭಾಗದಲ್ಲಿ ಬಂತು ಎಂಬ ಒಂದು ಸಾದಾ ಪುಸ್ತಕ ಸಾಕು. ಒಂದೇ ಮೂಲೆಯಲ್ಲಿ ಮೂರು ಜನ ಬಿದ್ದರೆ ಆ ಮೂಲೆಯಲ್ಲೇ ಏನೋ ತೊಂದರೆ ಇದೆ.

ಐದು, ಬಲವಂತಕ್ಕಿಂತ ನಂಬಿಕೆ ದೂರ ಹೋಗುತ್ತದೆ. ಮೇಸ್ತ್ರಿಯೋ, ಸೂಪರ್‌ವೈಸರೋ, ಮಾಲೀಕರೋ ಮೊದಲು ತೋಳು ಚಾಚಲಿ. ಅನುಮಾನ ಕೇಳಿದವರನ್ನು ಗದರಿಸದೆ ಉತ್ತರ ಹೇಳಿ.

ಕೊನೆಯದಾಗಿ ಪ್ಲೇಗಿನ ಬಗ್ಗೆ ಒಂದು ಮಾತು. ಇವತ್ತು ಪ್ಲೇಗಿಗೆ ಆ್ಯಂಟಿಬಯಾಟಿಕ್ ಔಷಧಗಳಿವೆ, ಬೇಗ ಶುರುಮಾಡಿದರೆ ಗುಣವಾಗುತ್ತದೆ. ಸಾಮಾನ್ಯ ಜನ ಪ್ಲೇಗ್ ಲಸಿಕೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದರೆ ಗೋದಾಮಿನಲ್ಲಿ, ಮನೆಯಲ್ಲಿ ಒಂದರ ಹಿಂದೆ ಒಂದು ಇಲಿ ಸತ್ತು ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ನಮ್ಮ ಹಿರಿಯರಿಗೆ ಗೊತ್ತಿದ್ದ ಈ ಎಚ್ಚರ ಹಳೆಯದಾಗಿಲ್ಲ.

ಮುಂದಿನ ಸಲ ಲಸಿಕೆಯಿಂದ ಸತ್ತವರ ಕಥೆ ನಿಮ್ಮ ಗ್ರೂಪಿಗೆ ಬಂದರೆ, ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿ. ಎಷ್ಟು ಜನರಿಗೆ ಹಾಕಿದ್ದರು? ಹಾಕಿಸಿಕೊಳ್ಳದವರಲ್ಲಿ ಎಷ್ಟು ಜನ ಸತ್ತರು? ತನಿಖೆಯಲ್ಲಿ ಏನು ಗೊತ್ತಾಯಿತು? ಉತ್ತರ ಸಿಕ್ಕರೆ ಅದನ್ನೂ ಸೇರಿಸಿ ಕಳಿಸಿ. ಸಿಗದಿದ್ದರೆ ನಿಮ್ಮ ಫೋನಿನಲ್ಲೇ ಇರಲಿ. 1898ರಲ್ಲಿ ಕಾಯಿಲೆ ಹುಬ್ಬಳ್ಳಿಯಿಂದ ಅರಸೀಕೆರೆ ದಾಟಿ ಬೆಂಗಳೂರು ಮುಟ್ಟಲು ಒಂದು ರೈಲು ಬೇಕಿತ್ತು. ವದಂತಿಗೆ ಈಗ ನಿಮ್ಮ ಒಂದು ಬೆರಳು ಸಾಕು.